ಬಿಲ್ಡ್ ಮುಗಿಸಿದ ಪುಟ್ಟಿಗೆ ಅತ್ತೆಯ ಪತ್ರ

ಸಾಗರ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಅತ್ತೆಯ ಆಶೀರ್ವಾದ. ನಿಮ್ಮ ಕಾಲೇಜಿನ ಟೀಮು ಮಾಡಿದ ಕಂಪ್ಯೂಟರ್ ಆಟದ ಬಿಲ್ಡ್, ಅಂದರೆ ಆಡಿ ನೋಡಲು ನೀನು ಕಳಿಸಿದ ಪ್ರತಿ, ಬಂತು, ಜೊತೆಗೆ ಆ ಉದ್ದನೆಯ ಮೆಸೇಜೂ ಬಂತು. ಫೋನಿನಲ್ಲೇ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ನಾನು ಹೇಳಬೇಕೆಂದಿರುವುದರಲ್ಲಿ ಒಂದೆರಡು ಮಾತು ನಿನಗೆ ಕೇಳಿದ ತಕ್ಷಣ ರುಚಿಸಲಿಕ್ಕಿಲ್ಲ. ಕಾಗದದಲ್ಲಿದ್ದರೆ ಸಿಟ್ಟು ಇಳಿದ ಮೇಲೆ ಇನ್ನೊಂದು ಸಲ ಓದುತ್ತೀಯ ಅಂತ ಕೂತು ಬರೆಯುತ್ತಿದ್ದೇನೆ.

ಮೊದಲು ಆಟದ ವಿಷಯ. ನಿನ್ನೆ ಸಂಜೆ ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡು ಸಲ ಆಡಿದೆ. ಮೊದಲ ಸಲ ಸುಮ್ಮನೆ ಆಡುವವಳಾಗಿ, ಎರಡನೇ ಸಲ ನನ್ನ ಹಳೇ ಟೆಸ್ಟಿಂಗ್ ಚಾಳಿಯಲ್ಲಿ ಗೋಡೆ ಗೋಡೆಗೂ ಡಿಕ್ಕಿ ಹೊಡೆಯುತ್ತಾ. ಹುಡುಗಿ ದೋಣಿಯಲ್ಲಿ ಬರುತ್ತಾಳೆ. ಆಡುವವರ ಕೈಯಲ್ಲಿರುವುದು ಹಿನ್ನೀರಿನ ಮಟ್ಟ ಒಂದೇ. ಏರಿಸಿದರೆ ದೋಣಿ ಮುಂದೆ ಹೋಗುತ್ತದೆ, ಇಳಿಸಿದರೆ ಕೆಳಗಿದ್ದ ಊರು ಮೇಲೆ ಬರುತ್ತದೆ. ನಾನು ಮೊದಲ ಸಲ ನೀರು ಇಳಿಸಿದಾಗ ಒದ್ದೆ ಕಲ್ಲಿನ ಮೆಟ್ಟಿಲು ಒಂದೊಂದಾಗಿ ಕಂಡಿತಲ್ಲ, ಆಗ ನನ್ನ ಬೆನ್ನು ತಾನಾಗಿ ಕುರ್ಚಿಯಿಂದ ಮುಂದಕ್ಕೆ ಬಂತು. ಹೀಗೆ ಮೈ ಮುಂದಕ್ಕೆ ವಾಲುವುದನ್ನು ನಾನು ಇಪ್ಪತ್ತು ವರ್ಷದಿಂದ ಬೇರೆಯವರಲ್ಲಿ ನೋಡುತ್ತಾ ಬಂದಿದ್ದೇನೆ. ಆಟ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ನನಗೆ ಅದಕ್ಕಿಂತ ನಂಬಿಕೆಯ ಗುರುತು ಸಿಕ್ಕಿಲ್ಲ.

ಎರಡನೇ ಸಲ ಆಡುವಾಗ ನಿನ್ನ ಅಜ್ಜಿ ಬಂದು ಪಕ್ಕದಲ್ಲಿ ಕೂತಳು. ಹಲಸಿನ ಹಪ್ಪಳ ಒತ್ತುತ್ತಿದ್ದವಳು, ಕೈಗೆಲ್ಲ ಎಣ್ಣೆ. ಕೈ ಸೆರಗಿಗೂ ತಾಗದ ಹಾಗೆ ಎತ್ತಿ ಹಿಡಿದುಕೊಂಡೇ ನೋಡಿದಳು. ಕೊನೆಯ ಜಾಗಕ್ಕೆ ಬಂದೆ. ನೀರು ಇಳಿಯಿತು. ತುಳಸಿಕಟ್ಟೆ ಕಂಡಿತು, ಆಮೇಲೆ ಮೆಟ್ಟಿಲು, ಆಮೇಲೆ ಮನೆಯ ಪಂಚಾಂಗ, ಅದೇ ತಳಪಾಯ. ಅಷ್ಟೇ.

"ಮನೆ ಎಲ್ಲಿ?" ಅಂದಳು.

"ಮಾಡಿದ್ದರಂತೆ ಅಮ್ಮ, ಟೈಮ್ ಸಾಲದೆ ತೆಗೆದರಂತೆ" ಅಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಇದೇ ಸರಿ ಇದೆ. ಹೊರಡುವಾಗ ಹೆಂಚು, ಜಂತಿ, ಬಾಗಿಲು ಎಲ್ಲಾ ಬಿಚ್ಚಿ ಗಾಡಿಗೆ ಹೇರಿಕೊಂಡು ಬಂದಿದ್ದು. ಉಳಿದಿದ್ದು ಕಟ್ಟೆ ಮತ್ತೆ ಪಂಚಾಂಗವೇ." ಆಮೇಲೆ, "ಇನ್ನೊಂಚೂರು ಇಳಿಸು ನೋಡುವಾ" ಅಂದಳು. ಇನ್ನು ಇಳಿಯುವುದಿಲ್ಲ, ನೀವು ಕೊಟ್ಟ ಮಟ್ಟ ಅಲ್ಲಿಗೇ ನಿಲ್ಲುತ್ತದೆ. ಅವಳಿಗೆ ಅದನ್ನು ಹೇಳಲು ನನಗೆ ಮನಸ್ಸು ಬರಲಿಲ್ಲ. ಅವಳ ಊರನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದದ್ದು 1964ರಲ್ಲಿ. ಆಗ ಅವಳಿಗೆ ಹನ್ನೆರಡು ವರ್ಷ.

ಇದನ್ನು ನಿನಗೆ ತಿಳಿಸಲೇಬೇಕಿತ್ತು, ತಿಳಿಸಿದ್ದೇನೆ. ಆದರೆ ಅಜ್ಜಿಯ ಈ ಮಾತನ್ನು ಹಿಡಿದುಕೊಂಡು ಮನೆ ತೆಗೆದದ್ದು ಸರಿಯಾಯಿತು ಅಂತ ನಿನ್ನ ಟೀಮಿನ ಮುಂದೆ ವಾದ ಮಾಡಬೇಡ. ಅದು ಸರಿಯಾಗಿ ಕಂಡದ್ದು ಅದೃಷ್ಟ. ಅದಕ್ಕೆ ಆಮೇಲೆ ಬರುತ್ತೇನೆ.

ಟೀಮಿನ ಪ್ರೊಡ್ಯೂಸರ್ ನೀನು, ಯಾರ ಕೆಲಸ ಯಾವಾಗ ಮುಗಿಯಬೇಕು ಅನ್ನುವ ಲೆಕ್ಕ ನಿನ್ನದು. ನೀನು ಕೇಳಿದ್ದು: "ಅತ್ತೆ, ಜ್ಯೂರಿಯವರು ನೀರನ್ನು ಹೊಗಳಿದರು, ಅದು ಪ್ರೋಗ್ರಾಮರ್‌ಗಳದ್ದು. ಕಲ್ಲು, ಬೆಳಕು ಹೊಗಳಿದರು, ಅದು ಆರ್ಟಿಸ್ಟ್‌ಗಳದ್ದು. ಹದಿನಾರು ವಾರ ನಾನು ಸ್ಪ್ರೆಡ್‌ಶೀಟ್ ತುಂಬಿದೆ, ಎಲ್ಲರ ಹಿಂದೆ ಬಿದ್ದೆ. ಆಟದಲ್ಲಿ ನನ್ನದು ಅಂತ ಏನಿದೆ?"

ನಿನ್ನದು ಏನಿದೆ ಅಂತ ನಾನು ಹುಡುಕಿದೆ. ಸಿಕ್ಕಿತು. ನಿಮ್ಮ ಹುಡುಗಿಗೆ ಈಜು ಬರುವುದಿಲ್ಲ.

ಐದನೇ ವಾರದಲ್ಲಿ ನೀನು ಫೋನ್ ಮಾಡಿ ಅತ್ತಿದ್ದು ನೆನಪಿದೆಯಾ? ನಿಮ್ಮ ಡಿಸೈನರ್ ಹುಡುಗನಿಗೆ ಹುಡುಗಿ ನೀರಿಗೆ ಧುಮುಕಬೇಕು, ಮುಳುಗಿ ಊರು ನೋಡಬೇಕು ಅಂತ ಆಸೆ. ನೀನು ಲೆಕ್ಕ ಹಾಕಿದ್ದೆ: ಈಜಿನ ಅನಿಮೇಶನ್ ಬೇಕು, ನೀರಿನೊಳಗಿನ ಕ್ಯಾಮರಾ ಬೇಕು, ಕೆಳಗಿನಿಂದ ನೋಡಿದರೆ ಕಾಣುವ ಹಾಗೆ ಪ್ರತಿ ವಸ್ತುವಿನ ತಳವೂ ಬೇಕು, ಉಸಿರು ಮುಗಿದರೆ ಏನು ಅನ್ನುವ ನಿಯಮ ಬೇಕು. ಆರು ಜನಕ್ಕೆ ಅದು ಆಗದ ಮಾತು. ಮೂರು ದಿನ ಅವನ ಜೊತೆ ಕೂತು ಮಾತಾಡಿ, ಕೊನೆಗೆ ಅವನ ಬಾಯಲ್ಲೇ "ಅವಳಿಗೆ ಈಜು ಬರದಿದ್ದರೆ ನೀರು ಇಳಿಸುವುದಕ್ಕೆ ಬೆಲೆ ಬರುತ್ತೆ" ಅನ್ನುವ ಮಾತು ಬಂತು ಅಂತ ನೀನೇ ಹೇಳಿದ್ದೆ. ಇವತ್ತು ಆ ಆಟದಲ್ಲಿ ಜನ ಮುಂದಕ್ಕೆ ವಾಲುತ್ತಿರುವುದು ಯಾಕೆ? ಹುಡುಗಿ ಧುಮುಕಲಾರಳು, ಕಾಯಬೇಕು, ನೀರೇ ದಾರಿ ಬಿಡಬೇಕು. ಆ ಕಾಯುವಿಕೆ ನಿನ್ನ ಕೆಲಸ. ಅದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆಂದರೆ ಇಲ್ಲದ ಈಜು ಯಾರ ಕಣ್ಣಿಗೂ ಬೀಳುವುದಿಲ್ಲ.

ಅಮೆರಿಕದ ಡಿಜಿಪೆನ್ ಕಾಲೇಜಿನ ವಿದ್ಯಾರ್ಥಿಗಳು 2005ರಲ್ಲಿ ನಾರ್ಬಾಕ್ಯುಲರ್ ಡ್ರಾಪ್ ಅಂತ ಒಂದು ಸಣ್ಣ ಆಟ ಮಾಡಿದರು. ಗೋಡೆಯಲ್ಲಿ ಒಂದು ಕಿಂಡಿ, ಇನ್ನೊಂದು ಗೋಡೆಯಲ್ಲಿ ಇನ್ನೊಂದು ಕಿಂಡಿ, ಇದರಲ್ಲಿ ಹೋಗಿ ಅದರಲ್ಲಿ ಬರುವುದು. ಅದರ ರಾಜಕುಮಾರಿಗೆ ನೆಗೆದು ಹಾರಲು ಬರುವುದಿಲ್ಲ. ಹೆಸರೇ ಮಂಡಿಯಿಲ್ಲದ ರಾಜಕುಮಾರಿ. ಇಂಥ ಆಟದಲ್ಲಿ ಹಾರುವುದೇ ಇಲ್ಲವೆಂದರೆ ಹೇಗೆ ಅಂತ ಅನ್ನಿಸಬೇಕು, ಆದರೆ ಕಿಂಡಿಯ ಆಟ ಅಷ್ಟು ಚೆನ್ನಾಗಿದ್ದುದರಿಂದ ಹಾರುವುದು ಯಾರಿಗೂ ನೆನಪಾಗಲಿಲ್ಲ. ವಾಲ್ವ್ ಕಂಪನಿಯವರು ಅದನ್ನು ನೋಡಿ ಆ ಟೀಮನ್ನೇ ಕೆಲಸಕ್ಕೆ ಕರೆದುಕೊಂಡರು. 2007ರಲ್ಲಿ ಅದೇ ಪೋರ್ಟಲ್ ಅನ್ನುವ ಆಟವಾಗಿ ಬಂತು. ನಿಮಗೂ ಹಾಗೇ ಆಗುತ್ತದೆ ಅಂತ ಆಸೆ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಒಂದೇ ಒಂದು ವಿಚಾರವನ್ನು ಹಿಡಿದು, ಮಿಕ್ಕದ್ದನ್ನು ಬೇಗ ಕೈಬಿಟ್ಟವರ ಕೆಲಸ ಹೇಗೆ ಕಾಣುತ್ತದೆ ಅಂತ ನೀನು ನೋಡಲಿ ಅಂತ.

ಈಗ ರುಚಿಸದ ಮಾತು.

ಐದನೇ ವಾರದಲ್ಲಿ ಈಜು ತೆಗೆದವಳೂ ನೀನೇ, ಹದಿನಾರನೇ ವಾರದಲ್ಲಿ ಅಜ್ಜಿಯ ಅಡುಗೆಮನೆ ತೆಗೆದವಳೂ ನೀನೇ. ಎರಡೂ ತೆಗೆದದ್ದೇ. ಆದರೆ ಮೊದಲನೆಯದನ್ನು ನೀನು ಮೂರು ದಿನ ಕೂತು ಮಾತಾಡಿ ತೆಗೆದೆ. ಎರಡನೆಯದನ್ನು ಸಬ್‌ಮಿಶನ್ನಿಗೆ ಮೂರು ದಿನ ಇದೆ ಅನ್ನುವಾಗ, ರಾತ್ರಿ ಒಂದೂವರೆಗೆ, ಒಬ್ಬಳೇ ಕೂತು ತೆಗೆದೆ. ನಿಮ್ಮ ಆರ್ಟಿಸ್ಟ್ ಹುಡುಗಿ ಐದು ವಾರ ಅದನ್ನು ಮಾಡಿದ್ದಳು. ಒಲೆ, ಒರಳುಕಲ್ಲು, ನಾಗಂದಿಗೆಯ ಮೇಲಿನ ಉಪ್ಪಿನ ಮರಿಗೆ, ಹೊಗೆ ಹಿಡಿದ ಜಂತಿ. ನೀನು ಕಳಿಸಿದ ಸ್ಕ್ರೀನ್‌ಶಾಟ್ ನನ್ನ ಫೋನಿನಲ್ಲಿ ಇನ್ನೂ ಇದೆ. ಬೆಳಿಗ್ಗೆ ಎದ್ದು ಟಾಸ್ಕ್ ಬೋರ್ಡ್ ತೆರೆದಾಗ ತನ್ನ ಹನ್ನೊಂದು ಕಾರ್ಡ್‌ಗಳು 'ಕಟ್' ಅನ್ನುವ ಸಾಲಿಗೆ ಹೋಗಿದ್ದು ಅವಳಿಗೆ ಕಂಡಿತು. ನೀನೇ ಬರೆದಿದ್ದೀಯ, "ಹೇಳಲು ಧೈರ್ಯ ಸಾಲಲಿಲ್ಲ ಅತ್ತೆ, ಟೈಮೂ ಇರಲಿಲ್ಲ" ಅಂತ.

ಧೈರ್ಯ ಸಾಲದಿದ್ದುದು ನಿಜ ಇರಬಹುದು. ಟೈಮ್ ಇರಲಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಆ ಅಡುಗೆಮನೆ ಮುಗಿಯುವುದಿಲ್ಲ ಅನ್ನುವುದು ನಿನಗೆ ಹದಿನಾರನೇ ವಾರದಲ್ಲಿ ಗೊತ್ತಾದದ್ದಲ್ಲ. ಒಂಬತ್ತನೇ ವಾರದ ನಿನ್ನ ಶೀಟಿನಲ್ಲೇ ಅದು ಕೆಂಪು ಬಣ್ಣದಲ್ಲಿದೆ. ಹತ್ತರಲ್ಲಿ ಕೆಂಪು, ಹನ್ನೊಂದರಲ್ಲಿ ಕೆಂಪು, ಹನ್ನೆರಡರಲ್ಲಿ ಯಾಕೋ ಹಳದಿ. ಆ ಹಳದಿಯನ್ನು ನೋಡಿ ನನಗೆ ಸಂಕಟವಾಯಿತು ಪುಟ್ಟಿ, ಯಾಕೆಂದರೆ ಆ ಹಳದಿ ನನಗೆ ಚೆನ್ನಾಗಿ ಗೊತ್ತು. ಏನೂ ಬದಲಾಗಿರುವುದಿಲ್ಲ. ಪ್ರತಿ ಸೋಮವಾರ ಅದೇ ಕೆಂಪನ್ನು ನೋಡಲಾಗದೆ ನಮ್ಮ ಕೈಯೇ ಅದನ್ನು ಹಳದಿ ಮಾಡಿರುತ್ತದೆ. ಅದು ಅಜ್ಜಿಯ ಮನೆ, ನೀನೇ ತಂದ ಕತೆ, ನಿನಗೆ ಎಲ್ಲಕ್ಕಿಂತ ಬೇಕಾಗಿದ್ದ ಜಾಗ. ಅದಕ್ಕೇ ಕೈಬಿಡಲಿಲ್ಲ. ಬೇರೆ ಯಾರದ್ದಾದರೂ ಆಸೆಯಾಗಿದ್ದರೆ ಒಂಬತ್ತನೇ ವಾರದಲ್ಲೇ ತೆಗೆಯುತ್ತಿದ್ದೆ. ಒಂಬತ್ತನೇ ವಾರದಲ್ಲಿ ತೆಗೆದಿದ್ದರೆ ಅವಳ ಕೈಯಿಂದ ಹೋಗುತ್ತಿದ್ದುದು ಒಂದು ವಾರದ ಕೆಲಸ. ಕೊನೆಯ ಮೂರು ರಾತ್ರಿಗಳೂ ಬಹುಶಃ ಬೇಕಾಗುತ್ತಿರಲಿಲ್ಲ.

ಆ ಮೂರು ರಾತ್ರಿಗಳ ಬಗ್ಗೆ ನೀನು ತುಂಬ ಸಂತೋಷದಿಂದ ಬರೆದಿದ್ದೀಯ. ಲ್ಯಾಬಿನ ನೆಲದ ಮೇಲೆ ಯೋಗಾ ಮ್ಯಾಟ್ ಹಾಸಿ ಸರದಿಯಲ್ಲಿ ಮಲಗಿದ್ದು, ಬೆಳಗಿನ ಜಾವ ನಾಲ್ಕಕ್ಕೆ ಗೇಟಿನ ಹೊರಗೆ ಬಿಸಿ ಚಹಾ, ಎಲ್ಲರ ಕೆಲಸ ಒಂದರಲ್ಲಿ ಮರ್ಜ್ ಆದಾಗ ಕೂಗಾಡಿದ್ದು. ನನಗೂ ಅಂಥ ರಾತ್ರಿಗಳಿವೆ, ಅದರ ಸಿಹಿ ಗೊತ್ತು. ಆದರೂ ಹೇಳುತ್ತೇನೆ, ಪ್ರೊಡ್ಯೂಸರ್ ಆದವಳು ಆ ರಾತ್ರಿಗಳನ್ನು ಹೆಮ್ಮೆಯ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಉಳಿದ ಐವರು ಬರೆದುಕೊಳ್ಳಲಿ, ಅವರು ದುಡಿದಿದ್ದಾರೆ. ನಿನ್ನ ಪುಸ್ತಕದಲ್ಲಿ ಅದು ಸಾಲದ ಕಡೆಗೆ ಬರುತ್ತದೆ.

ಇದನ್ನು ನಾನು ಯಾರಿಂದಲೋ ಕೇಳಿ ಹೇಳುತ್ತಿಲ್ಲ.

ನಾನು 2004ರಲ್ಲಿ ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಸೇರಿದಾಗ ಆಟವೆಂದರೆ ನೋಕಿಯಾ ಫೋನಿನ ಜಾವಾ ಆಟ. ನಮ್ಮ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಚೀಟಿ ಅಂಟಿಸಿದ ನೂರಾರು ಫೋನುಗಳಿದ್ದವು. ಒಂದೇ ಆಟವನ್ನು ಅಷ್ಟೂ ಫೋನಿಗೆ ಹೊಂದಿಸಬೇಕು, ಒಂದೊಂದರ ಪರದೆಯೂ ಬೇರೆ, ಕೀಲಿಯೂ ಬೇರೆ. ಆಗಿನ ಕೆಲವು ನೋಕಿಯಾ ಮಾಡೆಲ್‌ಗಳಲ್ಲಿ ಇಡೀ ಆಟ 64 ಕಿಲೋಬೈಟ್ ದಾಟುವ ಹಾಗಿಲ್ಲ. ನಿಮ್ಮ ತುಳಸಿಕಟ್ಟೆಯ ಮೇಲೆ ಹೊದಿಸಿದ ಒಂದು ಚಿತ್ರ, ಆ ಟೆಕ್ಸ್ಚರ್, ಅದಕ್ಕಿಂತ ದೊಡ್ಡದಿರುತ್ತದೆ. ಸಂಗೀತ ತೆಗೆ, ಒಂದು ಶತ್ರುವನ್ನು ತೆಗೆ, ಬಣ್ಣ ಕಡಿಮೆ ಮಾಡು, ದಿನಾ ಅದೇ ಕೆಲಸ. ತೆಗೆಯುವುದನ್ನು ನಾನು ಕಲಿತದ್ದು ಅಲ್ಲಿ. ಅದರಲ್ಲಿ ನೋವಿರಲಿಲ್ಲ, ಯಾಕೆಂದರೆ ಮಿತಿ ಎಲ್ಲರ ಕಣ್ಣ ಮುಂದೆ ಅಂಕಿಯಾಗಿ ನಿಂತಿರುತ್ತಿತ್ತು. ಯಾರೂ ಯಾರನ್ನೂ ದೂರುವಂತಿರಲಿಲ್ಲ.

ಆಮೇಲೆ ಬೇರೊಂದು ಕಡೆ ಪ್ರೊಡ್ಯೂಸರ್ ಆದೆ. ಮಿತಿ ಈಗ ಕಿಲೋಬೈಟ್ ಅಲ್ಲ, ದಿನ. ಅದು ಯಾರ ಕಣ್ಣಿಗೂ ಕಾಣುವುದಿಲ್ಲ, ಪ್ರೊಡ್ಯೂಸರಿಗೆ ಬಿಟ್ಟು. ಹೊರದೇಶದ ಕ್ಲೈಂಟಿಗೆ ನಾನು ಪ್ರತಿ ಶುಕ್ರವಾರ ಎಲ್ಲ ಸರಿ ಇದೆ ಅಂತ ಬರೆಯುತ್ತಿದ್ದೆ. ಸರಿ ಇರಲಿಲ್ಲ. ಕೊನೆಯ ಮೂರು ವಾರ ನಮ್ಮ ಹುಡುಗರು ಮನೆಗೆ ಹೋಗಿದ್ದು ಬಟ್ಟೆ ಬದಲಿಸಲು ಮಾತ್ರ. ಒಬ್ಬ ಪ್ರೋಗ್ರಾಮರ್ ಇದ್ದ, ಹಾಸನದ ಕಡೆಯವನು. ಒಂದು ಮಧ್ಯಾಹ್ನ ನನ್ನ ಟೇಬಲ್ಲಿಗೆ ಬಂದು, "ಅಪ್ಪನ್ನ ಆಸ್ಪತ್ರೆಗೆ ಸೇರಿಸಿದಾರೆ ಮೇಡಂ, ಎರಡು ದಿನ ಹೋಗಿ ಬರ್ತೀನಿ" ಅಂದ. ನಾನು ಸ್ಕ್ರೀನಿನಿಂದ ತಲೆ ಎತ್ತದೆ, "ಈ ಬಿಲ್ಡ್ ಕಳಿಸಿ ಹೋಗು" ಅಂದೆ. ಅವನು ಎದುರು ಮಾತಾಡಲಿಲ್ಲ. ನಾಲ್ಕು ದಿನ ಬಿಟ್ಟು ಹೋದ. ಅಷ್ಟರಲ್ಲಿ ಅವನ ತಂದೆ ಗುಣವಾಗಿ ಮನೆಗೆ ಬಂದಿದ್ದರು, ದೇವರು ದೊಡ್ಡವನು. ಏನೂ ಅನಾಹುತ ಆಗಲಿಲ್ಲ. ಆದರೆ ಅವನು ಮರಳಿ ಬಂದ ಮೇಲೆ ನನ್ನ ಜೊತೆ ಕೆಲಸದ ಮಾತು ಬಿಟ್ಟು ಒಂದು ಅಕ್ಷರ ಆಡಲಿಲ್ಲ. ಮೂರು ತಿಂಗಳಲ್ಲಿ ಕೆಲಸ ಬಿಟ್ಟ, ಈ ಲೈನನ್ನೇ ಬಿಟ್ಟ. ನನ್ನ ಜೊತೆ ಕೆಲಸ ಮಾಡಿದವರಲ್ಲಿ ಅವನಷ್ಟು ಅಚ್ಚುಕಟ್ಟಾಗಿ ಕೋಡ್ ಬರೆದವರು ಕಡಿಮೆ. ಆ ಆಟ ಇವತ್ತು ಯಾವ ಫೋನಿನಲ್ಲೂ ಇಲ್ಲ. ನನ್ನ ಬಳಿಯೂ ಇಲ್ಲ. ಅವನು ನಿಂತಿದ್ದ ರೀತಿ ಮಾತ್ರ ಕಣ್ಣ ಮುಂದಿದೆ, ಒಂದು ಕೈ ನನ್ನ ಟೇಬಲ್ಲಿನ ಅಂಚಿನ ಮೇಲೆ.

ನಾನು ಆ ಮೊದಲೇ ಎರಡು ಲೆವೆಲ್ ತೆಗೆದು ಕ್ಲೈಂಟಿಗೆ ನಿಜ ಬರೆದಿದ್ದರೆ ಅವನಿಗೆ ಎರಡು ದಿನ ಕೊಡುವುದು ಏನೂ ಕಷ್ಟವಿರಲಿಲ್ಲ. ತಡವಾಗಿ ತೆಗೆಯುವವರು ಆಟದಿಂದ ಮಾತ್ರ ತೆಗೆಯುವುದಿಲ್ಲ, ಜನರ ನಿದ್ದೆಯಿಂದ, ಅವರ ಮನೆಯಿಂದ ತೆಗೆಯುತ್ತಾರೆ. ಇದು ನಿನಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ, ಕಾಲೇಜಿನ ಆಟದಲ್ಲಿ ಗೊತ್ತಾಗಲಿ ಅಂತ ನನ್ನ ಆಸೆ. ನನಗೆ ಗೊತ್ತಾದ ಹಾಗೆ ಗೊತ್ತಾಗುವುದು ಬೇಡ.

ಹಾಗಾದರೆ ಒಂಬತ್ತನೇ ವಾರದಲ್ಲಿ ಏನು ಮಾಡಬೇಕಿತ್ತು ಅಂತ ಕೇಳುತ್ತೀಯ. ಜಪಾನಿನ ಆಟದ ಕಂಪನಿ ನಿಂಟೆಂಡೊದ ಅಧ್ಯಕ್ಷರಾಗುವುದಕ್ಕೆ ಎಷ್ಟೋ ವರ್ಷ ಮುಂಚೆ ಸಟೋರು ಇವಾಟಾ ಅವರನ್ನು ಮದರ್ 2 ಅನ್ನುವ ಆಟಕ್ಕೆ ನೆರವಾಗಲು ಕರೆದರು. ವರ್ಷಗಟ್ಟಲೆ ನಡೆದು ಕೆಸರಿನಲ್ಲಿ ಹೂತುಹೋಗಿದ್ದ ಕೆಲಸ. ಅವರು ಬಂದವರೇ ಹಳೆಯದನ್ನೆಲ್ಲ ಕಿತ್ತು ಬಿಸಾಡಲಿಲ್ಲ. ಟೀಮಿನ ಮುಂದೆ ಎರಡು ದಾರಿ ಇಟ್ಟರು: ಇರುವುದನ್ನೇ ರಿಪೇರಿ ಮಾಡಿಕೊಂಡು ಹೋದರೆ ಎರಡು ವರ್ಷ, ಮೊದಲಿನಿಂದ ಕಟ್ಟಿದರೆ ಆರು ತಿಂಗಳು. ಯಾವುದಾದರೂ ಸರಿ, ನೀವು ಹೇಳಿ ಅಂದರು. ಟೀಮು ಹೊಸದಾಗಿ ಕಟ್ಟುವ ದಾರಿ ಆರಿಸಿಕೊಂಡಿತು, 1994ರಲ್ಲಿ ಆಟ ಜಪಾನಿನಲ್ಲಿ ಬಿಡುಗಡೆಯಾಯಿತು. ಅವರಿಗೆ ಉತ್ತರ ಮೊದಲೇ ಗೊತ್ತಿತ್ತು ಅಂತ ನನ್ನ ಅನಿಸಿಕೆ. ಆದರೂ ಬೇರೆಯವರ ಕೈಕೆಲಸ ಹೋಗುವುದಿದ್ದರೆ ಅದನ್ನು ಅವರ ಬಾಯಿಂದಲೇ ಕೇಳಬೇಕು ಅನ್ನುವ ಮರ್ಯಾದೆ ಅವರಲ್ಲಿತ್ತು. ಈಜಿನ ವಿಷಯದಲ್ಲಿ ನೀನೂ ಅದನ್ನೇ ಮಾಡಿದ್ದೆ, ಯಾರೂ ಹೇಳಿಕೊಡದೆ. ಅದಕ್ಕೇ ನನಗೆ ಅಡುಗೆಮನೆಯ ವಿಷಯ ಇಷ್ಟು ನೋವಾಗಿದ್ದು. ಗೊತ್ತಿಲ್ಲದೆ ತಪ್ಪಿದ್ದಲ್ಲ ನೀನು.

ಅವಳ ಹತ್ತಿರ ಹೋಗು. ಮೆಸೇಜ್ ಮಾಡಬೇಡ, ಟೀಮ್ ಗ್ರೂಪಿನಲ್ಲಿ ಎಲ್ಲರ ಎದುರಿಗೆ ಸಾರಿ ಅಂತ ಹಾಕಬೇಡ. ಅವಳ ರೂಮಿಗೆ ಹೋಗಿ ಎದುರು ಕೂತು ಹೇಳು: ಒಂಬತ್ತನೇ ವಾರದಲ್ಲೇ ನನಗೆ ಗೊತ್ತಿತ್ತು, ಹೇಳಲಿಲ್ಲ, ತಪ್ಪಾಯಿತು. ಅಷ್ಟು ಸಾಕು. ಜ್ಯೂರಿ, ಡೆಡ್‌ಲೈನ್, ಫ್ರೇಮ್ ರೇಟ್ ಯಾವುದನ್ನೂ ಎಳೆದು ತರಬೇಡ. ಅವಳು ಬೈದರೆ ಬೈಸಿಕೊಂಡು ಬಾ. ಅವಳು ಸುಮ್ಮನಿದ್ದರೆ ಅದು ಇನ್ನೂ ಕಷ್ಟ, ಅದನ್ನೂ ತಾಳಿಕೊ.

ಆಮೇಲೆ ಈ ವಾರವೇ, ಮುಂದೆ ಹಾಕದೆ, ಒಂದು ಕೆಲಸ ಮಾಡು. ಏನೇನು ನಡೆಯಿತು ಅಂತ ಬರೆದಿಡು. ನಮ್ಮ ಲೈನಿನಲ್ಲಿ ಅದಕ್ಕೆ ಪೋಸ್ಟ್‌ಮಾರ್ಟಮ್ ಅನ್ನುತ್ತಾರೆ. ನನಗೆ ಆ ಹೆಸರು ಇಷ್ಟವಿಲ್ಲ, ನಮ್ಮ ಟೀಮಿನಲ್ಲಿ 'ಲೆಕ್ಕ ಒಪ್ಪಿಸೋದು' ಅಂತ ಕರೆಯುತ್ತೇವೆ. ಈ ವಾರವೇ ಯಾಕೆಂದರೆ, ಮುಗಿದ ಕೆಲಸ ನೆನಪಿನಲ್ಲಿ ಬಹಳ ಬೇಗ ನಯವಾಗುತ್ತದೆ. ಇನ್ನೆರಡು ತಿಂಗಳಿಗೆ, ಮನೆಯನ್ನು ಬೇಕೆಂದೇ ಬಿಟ್ಟೆವು, ಪಂಚಾಂಗ ಮಾತ್ರ ಇಡಬೇಕು ಅಂತ ಮೊದಲೇ ಯೋಚಿಸಿದ್ದೆವು ಅಂತ ನಿನ್ನ ಬಾಯಲ್ಲೇ ಬರುತ್ತದೆ, ಮತ್ತೆ ನೀನು ಅದನ್ನು ನಂಬಿರುತ್ತೀಯ. ಅದಕ್ಕೆ ಕೋಡಿನ ಪ್ರತಿ ಬದಲಾವಣೆ ದಾಖಲಾಗುವ ಗಿಟ್ ತೆರೆದು ಕಾಮಿಟ್‌ಗಳ ತಾರೀಕು ನೋಡು, ಶೀಟಿನ ಹಳೇ ಪ್ರತಿಗಳನ್ನು ನೋಡು. ಯಾವ ನಿರ್ಧಾರ ಯಾವತ್ತು ಆಯಿತು, ಅವತ್ತು ಯಾರಿಗೆ ಏನು ಗೊತ್ತಿತ್ತು, ಯಾರಿಗೆ ಹೇಳಿರಲಿಲ್ಲ. ಹನ್ನೆರಡನೇ ವಾರದ ಹಳದಿಯನ್ನೂ ಬರಿ.

ಬರೆಯುವಾಗ ಇನ್ನೊಂದು ಗಮನಿಸು. ಸೋಮವಾರದ ಮೀಟಿಂಗಿನಲ್ಲಿ ನೀನು "ಎಷ್ಟಾಯ್ತು?" ಅಂತ ಕೇಳುತ್ತಿದ್ದೆ, ಅವರು "ತೊಂಬತ್ತು ಪರ್ಸೆಂಟ್" ಅನ್ನುತ್ತಿದ್ದರು. ದೋಣಿ ನಾಲ್ಕು ವಾರ ತೊಂಬತ್ತು ಪರ್ಸೆಂಟಿನಲ್ಲೇ ಇತ್ತು ಅಂತ ನೀನು ಬೇಜಾರು ಮಾಡಿಕೊಂಡಿದ್ದೀಯ. ಬೆಲ್ ಲ್ಯಾಬ್ಸ್‌ನ ಟಾಮ್ ಕಾರ್ಗಿಲ್ ಅವರ ಮಾತೆಂದು ನಮ್ಮ ಲೈನಿನಲ್ಲಿ ಎಲ್ಲರೂ ಹೇಳುವುದುಂಟು: ಮೊದಲ 90 ಭಾಗ ಕೋಡಿಗೆ ಇರುವ ಸಮಯದ 90 ಭಾಗ ಹಿಡಿಯುತ್ತದೆ, ಉಳಿದ 10 ಭಾಗಕ್ಕೆ ಇನ್ನೊಂದು 90 ಭಾಗ. ಆ ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೇ ಕಾಣುತ್ತಿತ್ತು. ಎಷ್ಟಾಯಿತು ಅಂತ ಕೇಳುವ ಬದಲು "ಬಿಲ್ಡ್‌ನಲ್ಲಿ ತೋರಿಸು" ಅಂತ ಕೇಳಬೇಕು. ತೋರಿಸಲಾಗದ್ದು ಆಗಿಲ್ಲ ಅಂತಲೇ ಶೀಟಿನಲ್ಲಿ ಬರೆಯಬೇಕು. ನಾನು ಈಗ ಕೇಳುವುದು ಇದೊಂದನ್ನೇ.

ಸಣ್ಣಪುಟ್ಟವು, ಬೇಗ ಹೇಳಿಬಿಡುತ್ತೇನೆ. ಕ್ರೆಡಿಟ್ಸ್‌ನಲ್ಲಿ ಹೆಸರುಗಳ ಕಾಗುಣಿತ ಇನ್ನೊಂದು ಸಲ ನೋಡು, ಒಂದು ಕಡೆ ಒತ್ತಕ್ಷರ ತಪ್ಪಿದೆ. ಹುಟ್ಟು ಹಾಕುವ ಶಬ್ದ ರೆಕಾರ್ಡ್ ಮಾಡಿಕೊಟ್ಟ ನಿನ್ನ ಗೆಳತಿಯ ಹೆಸರೇ ಇಲ್ಲ, ಎರಡು ದಿನ ಕೆಲಸ ಮಾಡಿದವಳೂ ಕೆಲಸ ಮಾಡಿದವಳೇ. ಕಾಲೇಜಿನ ಸರ್ವರಿನಲ್ಲಿರುವುದನ್ನೆಲ್ಲ ಅಕೌಂಟ್ ಮುಚ್ಚುವ ಮೊದಲು ಇಳಿಸಿಕೊಂಡು ಎರಡು ಕಡೆ ಇಡು, ಆಟ ಕಟ್ಟಿದ ಯೂನಿಟಿ ಸಾಫ್ಟ್‌ವೇರಿನ ಯಾವ ವರ್ಶನ್ ಅಂತ ಒಂದು ಕಾಗದದಲ್ಲಿ ಬರೆದು ಅದರ ಜೊತೆಗಿಡು, ಪೂರ್ತಿ ಆಡಿದ್ದನ್ನು ವಿಡಿಯೋ ಮಾಡಿಡು. ಅಡುಗೆಮನೆಯ ಫೈಲುಗಳನ್ನು ಮಾತ್ರ ಮೂರು ಕಡೆ ಇಡು. ಕೆಲಸಕ್ಕೆ ಅರ್ಜಿ ಹಾಕುವಾಗ 'ಆರು ಜನರ ಟೀಮನ್ನು ನಿಭಾಯಿಸಿದೆ' ಅಂತ ಬರೆದರೆ ನಾವು ಯಾರೂ ಓದುವುದಿಲ್ಲ. ಈಜು ತೆಗೆದ ಕತೆ ಬರಿ, ಕೆಂಪಿದ್ದ ಶೀಟನ್ನು ಹಾಗೇ ತೋರಿಸು. ನನ್ನೆದುರು ಇಂಟರ್‌ವ್ಯೂಗೆ ಕೂತ ಹುಡುಗ ಹುಡುಗಿಯರಲ್ಲಿ ತಮ್ಮ ತಪ್ಪಿನ ತಾರೀಕು ಹೇಳಬಲ್ಲವರನ್ನು ನಾನು ಬಿಟ್ಟಿಲ್ಲ.

ಇದನ್ನೇ ಮುಂದುವರಿಸಿ ಪೂರ್ತಿ ಆಟ ಮಾಡೋಣವೆಂದು ಎಲ್ಲರೂ ಹುರುಪಿನಲ್ಲಿದ್ದೀರಿ ಅಂತ ಬರೆದಿದ್ದೀಯ. ಒಂದು ತಿಂಗಳು ಯಾವ ನಿರ್ಧಾರವೂ ಬೇಡ. ನೀವು ಮಾಡಿದ್ದು ಪ್ರೊಟೋಟೈಪ್, ಮಾದರಿ ಆಟ. ಪ್ರೊಟೋಟೈಪ್ ಅಂದರೆ ಒಂದು ಪ್ರಶ್ನೆ. ನೀರಿನ ಮಟ್ಟವೊಂದನ್ನೇ ಕೈಗೆ ಕೊಟ್ಟರೆ ಜನರಿಗೆ ಸಾಕಾಗುತ್ತದಾ ಅಂತ ನೀವು ಕೇಳಿದಿರಿ, ಹೌದು ಅಂತ ಉತ್ತರ ಬಂತು. ಆ ಕೆಲಸ ಮುಗಿದಿದೆ, ಅದು ಅರ್ಧಕ್ಕೆ ನಿಂತದ್ದಲ್ಲ. ಪೂರ್ತಿ ಆಟ ಬೇರೆಯೇ ಸಂಸಾರ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು ರಾಜಿ ಆಟಕ್ಕೆ 2017ರಲ್ಲಿ ಜನರಿಂದ ಹಣ ಕೂಡಿಸಲು ಹೋದಾಗ ಗುರಿ ಮುಟ್ಟಲಿಲ್ಲ. ಆದರೂ ಬಿಡದೆ ದುಡಿದು 2020ರಲ್ಲಿ ಹೊರತಂದರು. ನಡುವಿನ ಆ ವರ್ಷಗಳಲ್ಲಿ ಸಂಬಳ, ಬಾಡಿಗೆ, ಮನೆಯವರ ಪ್ರಶ್ನೆ ಎಲ್ಲ ಇರುತ್ತದೆ. ನಿನ್ನ ಅಪ್ಪ ಏನೂ ಅನ್ನಲಿಕ್ಕಿಲ್ಲ, ಆದರೆ ನಿಮ್ಮ ಟೀಮಿನ ಎಲ್ಲರ ಮನೆಯೂ ನಮ್ಮ ಮನೆಯ ಹಾಗಿರುವುದಿಲ್ಲ. ಇಬ್ಬರಿಗೆ ಸಾಲ ತೀರಿಸುವುದಿದೆ ಅಂತ ನೀನೇ ಹೇಳಿದ್ದೆ. ಅವರನ್ನು ಒಬ್ಬೊಬ್ಬರನ್ನಾಗಿ ಕೇಳು, ಗುಂಪಿನಲ್ಲಿ ಕೇಳಬೇಡ. ಗುಂಪಿನಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ಕೇಳುವಾಗ, ಆಟ ಮುಂದುವರಿಸೋಣವಾ ಅನ್ನುವುದಕ್ಕಿಂತ ಮೊದಲು, ನನ್ನ ಜೊತೆ ಇನ್ನೊಂದು ಸಲ ಕೆಲಸ ಮಾಡುತ್ತೀಯಾ ಅಂತ ಕೇಳು. ಕ್ಯಾಲಿಫೋರ್ನಿಯಾದ ಯುಎಸ್‌ಸಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು 2005ರಲ್ಲಿ ಕ್ಲೌಡ್ ಅಂತ ಒಂದು ಆಟ ಮಾಡಿದ್ದರು. ಮೋಡಗಳ ನಡುವೆ ಹಾರುವುದು, ಮೋಡ ಕೂಡಿಸುವುದು, ಅಷ್ಟೇ. ಅದರ ಡಿಸೈನರ್ ಜೆನೋವಾ ಚೆನ್, ಪ್ರೊಡ್ಯೂಸರ್ ಕೆಲ್ಲಿ ಸಾಂಟಿಯಾಗೊ. ಕೋರ್ಸ್ ಮುಗಿದ ಮೇಲೆ ಅವರಿಬ್ಬರೂ ಸೇರಿ 2006ರಲ್ಲಿ ದಟ್‌ಗೇಮ್‌ಕಂಪನಿ ಶುರು ಮಾಡಿದರು. 2012ರ ಜರ್ನಿ ಅನ್ನುವ ಆಟ ಆ ಮನೆಯಿಂದಲೇ ಬಂದದ್ದು. ಅವರು ಕ್ಲೌಡ್ ಅನ್ನೇ ಹಿಡಿದುಕೊಂಡು ಕೂರಲಿಲ್ಲ. ಅದನ್ನು ಮಾಡಿದ ಮೇಲೂ ಡಿಸೈನರಿಗೆ ಆ ಪ್ರೊಡ್ಯೂಸರ್ ಬೇಕಾಗಿದ್ದಳು, ಪ್ರೊಡ್ಯೂಸರಿಗೆ ಆ ಡಿಸೈನರ್ ಬೇಕಾಗಿದ್ದ. ನಿನ್ನ ಐವರಲ್ಲಿ ಎಷ್ಟು ಜನ ಹೂಂ ಅನ್ನುತ್ತಾರೋ ನನಗೆ ಬರಿ. ಮಾರ್ಕ್ಸ್ ಎಷ್ಟು ಬಂತು ಅಂತ ನಾನು ಕೇಳುವುದಿಲ್ಲ.

ಒಂದು ಬಗ್. ಕೊನೆಯ ಜಾಗದಲ್ಲಿ ಮೂರನೇ ಮೆಟ್ಟಿಲ ಮೇಲೆ ನಿಂತು ನೀರು ಏರಿಸಿದರೆ ಹುಡುಗಿ ದೋಣಿಯ ತಳದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾಳೆ, ಹೊರಗೆ ಬರಲು ಆಗುವುದಿಲ್ಲ, ಆಟ ಮತ್ತೆ ಶುರು ಮಾಡಬೇಕು. ಐದು ಸಲ ಮಾಡಿ ನೋಡಿದೆ, ಐದು ಸಲವೂ ಹಾಗೇ ಆಯಿತು. ಈಗಲೇ ಸರಿ ಮಾಡಬೇಕಿಲ್ಲ. ಪಟ್ಟಿಯಲ್ಲಿ ಬರೆದಿಡು, ನಿದ್ದೆ ಮಾಡು.

ಇಲ್ಲಿ ಇನ್ನೂ ಮಳೆ ಹಿಡಿದಿಲ್ಲ. ಹಿನ್ನೀರು ಬಹಳ ಕೆಳಗೆ ಹೋಗಿದೆ, ಮಡೆನೂರಿನ ಹಳೇ ಅಣೆಕಟ್ಟು ಕಾಣುತ್ತಿದೆಯಂತೆ, ನಿನ್ನ ಅಪ್ಪ ನೋಡಿಕೊಂಡು ಬಂದ. ತುಮರಿಯ ಕಡೆ ಈಗ ಲಾಂಚಿಗೆ ಕಾಯಬೇಕಾಗಿಲ್ಲ, 2025ರ ಜುಲೈನಲ್ಲಿ ಸೇತುವೆ ಆಯಿತಲ್ಲ. ಜೂನ್ ಮೊದಲ ವಾರದ ಒಳಗೆ ಬಂದರೆ ಎಲ್ಲರೂ ಸೇರಿ ಹೋಗಿಬರಬಹುದು. ಬರುವಾಗ ಲ್ಯಾಪ್‌ಟಾಪಿನ ಚಾರ್ಜರ್ ಮರೆಯಬೇಡ. ಆ ಆರ್ಟಿಸ್ಟ್ ಹುಡುಗಿ ಬರಲು ಒಪ್ಪಿದರೆ ಅವಳನ್ನೂ ಕರೆದುಕೊಂಡು ಬಾ, ಅವಳ ಅಡುಗೆಮನೆಯ ಫೈಲುಗಳ ಸಮೇತ. ನನ್ನ ಫೋನಿನಲ್ಲಿದ್ದ ಆ ಸ್ಕ್ರೀನ್‌ಶಾಟನ್ನು ಇವತ್ತು ಬೆಳಿಗ್ಗೆ ಅಜ್ಜಿಗೆ ತೋರಿಸಿದೆ. ಕನ್ನಡಕ ತರಿಸಿಕೊಂಡು ಬಹಳ ಹೊತ್ತು ನೋಡಿದಳು. ಒಲೆ ಇದ್ದದ್ದು ಆ ಗೋಡೆಗಲ್ಲವಂತೆ, ಕಿಟಕಿಯ ಕೆಳಗಂತೆ. ಅದನ್ನು ಮಾಡಿದ ಹುಡುಗಿಗೆ ತಾನೇ ಕೂತು ತೋರಿಸುತ್ತಾಳಂತೆ.

ನಿನ್ನ ಪ್ರೀತಿಯ
ಅತ್ತೆ